ಆರೋಗ್ಯ ಸಂಶೋಧನೆಗೆ ಗ್ರಾಂಟ್ ಪ್ರಪೋಸಲ್: ಲೆಕ್ಕ ಕೂಡುವ ಹಾಗೆ ಬರೆಯುವುದು ಹೇಗೆ

ಪ್ರಪೋಸಲ್ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲು ಕೈ ಹಾಕುವುದು ಪೀಠಿಕೆಗೆ. 'ಅಧಿಕ ರಕ್ತದೊತ್ತಡ ಇಂದು ಜಗತ್ತಿನಾದ್ಯಂತ...' ಎಂದು ಶುರು ಮಾಡಿ ಮೂರು ವಾರ ಅದರಲ್ಲೇ ಕಳೆಯುತ್ತಾರೆ. ಸ್ಯಾಂಪಲ್ ಸೈಜ್, ಬಜೆಟ್, ವೇಳಾಪಟ್ಟಿಗೆ ಉಳಿಯುವುದು ಕೊನೆಯ ಎರಡು ರಾತ್ರಿ. ರಿವ್ಯೂವರ್ ಓದುವ ಕ್ರಮ ಇದಕ್ಕೆ ತಿರುಗಾಮುರುಗ. ಅವರು ಸಾರಾಂಶ ನೋಡಿ, ಉದ್ದೇಶಗಳನ್ನು ನೋಡಿ, ನೇರವಾಗಿ ವಿಧಾನಕ್ಕೆ ಇಳಿಯುತ್ತಾರೆ. ಅಲ್ಲಿಂದ ಬಜೆಟ್‌ಗೆ ಹಾರಿ, ಅಲ್ಲಿನ ಸಂಖ್ಯೆ ವಿಧಾನದಲ್ಲಿ ಬರೆದ ಸಂಖ್ಯೆಗೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಪೀಠಿಕೆ ಓದುವಷ್ಟರಲ್ಲಿ ಅರ್ಧ ತೀರ್ಮಾನ ಆಗಿರುತ್ತದೆ.

ಆದ್ದರಿಂದ ಈ ಮಾರ್ಗದರ್ಶಿ ಸಂಖ್ಯೆಗಳ ಬೆನ್ನು ಹಿಡಿದು ಹೋಗುತ್ತದೆ. ವಿವರಣೆಗಾಗಿ ಒಂದು ಪ್ರಪೋಸಲನ್ನು ಕಟ್ಟಿಕೊಳ್ಳೋಣ: ರಾಯಚೂರು ಜಿಲ್ಲೆಯ ದೇವದುರ್ಗ ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೊಮ್ಮೆ ಮನೆಗೆ ಹೋಗಿ ಬಿಪಿ ನೋಡಿ, ಮಾತ್ರೆ ತಪ್ಪಿದವರನ್ನು ಮತ್ತೆ ಚಿಕಿತ್ಸೆಗೆ ತಂದರೆ, ಬಿಪಿ ಹತೋಟಿಗೆ ಬರುವವರ ಪ್ರಮಾಣ ಹೆಚ್ಚುತ್ತದೆಯೇ? ಅರ್ಜಿ ಹೋಗುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ, ಅಂದರೆ ಐಸಿಎಂಆರ್‌ಗೆ ಎಂದಿಟ್ಟುಕೊಳ್ಳಿ.

ಮೊದಲು, ಹಣ ಯಾರ ಬಳಿ ಕೇಳುವುದು

ಐಸಿಎಂಆರ್‌ನ ಹೊರಸಂಸ್ಥೆಗಳ ಅನುದಾನ, ಅಂದರೆ ಎಕ್ಸ್‌ಟ್ರಾಮ್ಯೂರಲ್ ಗ್ರಾಂಟ್, ಈಚಿನ ಅರ್ಜಿ ಆಹ್ವಾನಗಳಲ್ಲಿ (ಕರೆಗಳಲ್ಲಿ) ಎರಡು ಮುಖ್ಯ ಗಾತ್ರಗಳಲ್ಲಿ ಬಂದಿದೆ: 3 ವರ್ಷಕ್ಕೆ 2 ಕೋಟಿ ರೂಪಾಯಿವರೆಗಿನ ಸಣ್ಣ ಗ್ರಾಂಟ್, 4 ವರ್ಷಕ್ಕೆ 2ರಿಂದ 8 ಕೋಟಿವರೆಗಿನ ಮಧ್ಯಮ ಗ್ರಾಂಟ್. ನಮ್ಮ ಉದಾಹರಣೆ ಸಣ್ಣ ಗ್ರಾಂಟ್‌ಗೆ ಸೇರಿದ್ದು. ಮಿತಿ 2 ಕೋಟಿ ಇದೆಯೆಂದು 1.98 ಕೋಟಿ ಕೇಳುವುದು ಹಳೆಯ ಚಾಳಿ, ಅದನ್ನು ರಿವ್ಯೂವರ್‌ಗಳು ತಕ್ಷಣ ಗುರುತಿಸುತ್ತಾರೆ. ಕೆಲಸಕ್ಕೆ 45 ಲಕ್ಷ ಸಾಕಾದರೆ 45 ಲಕ್ಷವನ್ನೇ ಕೇಳಿ.

ಇದುವರೆಗೆ ಒಂದೂ ಗ್ರಾಂಟ್ ಪಡೆಯದವರು ನೇರವಾಗಿ ದೆಹಲಿಯ ಕದ ತಟ್ಟುವ ಮೊದಲು ಊರಿನ ಮೆಟ್ಟಿಲು ಹತ್ತುವುದು ಒಳ್ಳೆಯದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಅಧೀನ ಕಾಲೇಜುಗಳ ಅಧ್ಯಾಪಕರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಎರಡು ತಿಂಗಳ ಸಣ್ಣ ಕೆಲಸ ಮಾಡಿಸಲು ಐಸಿಎಂಆರ್‌ನ ಎಸ್‌ಟಿಎಸ್ ವಿದ್ಯಾರ್ಥಿ ಯೋಜನೆ ಇದೆ. ಇವುಗಳಿಂದ ಬರುವ ದತ್ತಾಂಶವೇ ಮುಂದಿನ ದೊಡ್ಡ ಅರ್ಜಿಗೆ ಬಂಡವಾಳ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳ ದಾರಿ ಬೇರೆ. ಅಲ್ಲಿ ಪ್ರಾಜೆಕ್ಟಿನಷ್ಟೇ ವ್ಯಕ್ತಿಯನ್ನೂ ತೂಗಿ ನೋಡುತ್ತಾರೆ.

ಅರ್ಹತೆಯ ವಿಷಯದಲ್ಲಿ ಬಹಳ ಜನ ಎಡವುವ ಕಲ್ಲು ಒಂದಿದೆ. ಖಾಸಗಿ ಮೆಡಿಕಲ್ ಕಾಲೇಜು ಅಥವಾ ಎನ್‌ಜಿಒ ಆಗಿದ್ದರೆ ಸಾಮಾನ್ಯವಾಗಿ ಕೇಂದ್ರದ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆಯ, ಅಂದರೆ ಡಿಎಸ್‌ಐಆರ್ ಮಾನ್ಯತೆಯ ಪ್ರಮಾಣಪತ್ರ ಕೇಳುತ್ತಾರೆ. ಅದರ ಅವಧಿ ಮುಗಿದಿದ್ದರೆ ಅರ್ಜಿ ವಿಜ್ಞಾನದ ಪರೀಕ್ಷೆಗೆ ಹೋಗುವುದೇ ಇಲ್ಲ, ಕಾಗದಪತ್ರದ ಹಂತದಲ್ಲೇ ಬೀಳುತ್ತದೆ. ಬರೆಯಲು ಕೂರುವ ಮೊದಲು ಆಡಳಿತ ಕಚೇರಿಗೆ ಹೋಗಿ ಆ ಪ್ರಮಾಣಪತ್ರದ ಕೊನೆಯ ದಿನಾಂಕವನ್ನು ಕಣ್ಣಾರೆ ನೋಡಿ ಬನ್ನಿ.

ಒಂದು ವಾಕ್ಯ, ಅದರಲ್ಲಿ ಒಂದೇ ಒಂದು ಅಳತೆ

ಮೊದಲ ದಿನ ಬರೆಯಬೇಕಾದದ್ದು ಒಂದೇ ವಾಕ್ಯ. ಯಾರಲ್ಲಿ, ಏನು ಮಾಡಿ, ಯಾವುದಕ್ಕೆ ಹೋಲಿಸಿ, ಏನನ್ನು, ಯಾವಾಗ ಅಳೆಯುತ್ತೀರಿ, ಈ ಐದೂ ಅದರಲ್ಲಿರಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರುತ್ತದೆ:

'ಬಿಪಿಗೆ ಮಾತ್ರೆ ಶುರುವಾಗಿರುವ 30 ವರ್ಷ ಮೀರಿದವರಲ್ಲಿ, ಆಶಾ ಕಾರ್ಯಕರ್ತೆಯ ಮಾಸಿಕ ಮನೆಭೇಟಿಯು, ಈಗ ಸಿಗುತ್ತಿರುವ ಸೇವೆಗೆ ಹೋಲಿಸಿದರೆ, 12ನೇ ತಿಂಗಳಲ್ಲಿ ಬಿಪಿ 140/90ಕ್ಕಿಂತ ಕೆಳಗಿರುವವರ ಪ್ರಮಾಣವನ್ನು ಹೆಚ್ಚಿಸುತ್ತದೆಯೇ?'

ಈ ವಾಕ್ಯ ನಿಂತ ಮೇಲೆ ಉಳಿದದ್ದೆಲ್ಲ ಅದಕ್ಕೆ ಜೋತುಬೀಳುತ್ತದೆ. ಉದ್ದೇಶಗಳ ಪಟ್ಟಿಯಲ್ಲಿ 'ಅರಿವು ಮೂಡಿಸುವುದು', 'ಜೀವನಮಟ್ಟ ಸುಧಾರಿಸುವುದು' ಎಂದು ಸೇರಿಸುವ ಚಪಲ ಬರುತ್ತದೆ. ಸೇರಿಸಿದಿರೋ, ಅದನ್ನು ಅಳೆಯುವ ಸಾಧನ, ಅದಕ್ಕೊಂದು ಸ್ಯಾಂಪಲ್ ಸೈಜ್, ಅದಕ್ಕೊಂದು ವಿಶ್ಲೇಷಣೆ ಎಲ್ಲವನ್ನೂ ಬರೆಯಬೇಕಾಗುತ್ತದೆ. ಒಂದು ಪ್ರಧಾನ ಉದ್ದೇಶ, ಎರಡು ಅಥವಾ ಮೂರು ಉಪಉದ್ದೇಶ ಇದ್ದರೆ ಸಾಕು. ಪ್ರತಿ ಉದ್ದೇಶವನ್ನೂ ಅಳೆಯಬಹುದಾದ ಕ್ರಿಯಾಪದದಿಂದ ಮುಗಿಸಿ: ಹೋಲಿಸುವುದು, ಅಂದಾಜಿಸುವುದು, ಲೆಕ್ಕಹಾಕುವುದು. 'ಅಧ್ಯಯನ ಮಾಡುವುದು' ಎಂಬುದು ಉದ್ದೇಶವೇ ಅಲ್ಲ, ಅದು ನೀವು ಹೇಗೂ ಮಾಡುತ್ತಿರುವ ಕೆಲಸ.

ಇದೇ ಹಂತದಲ್ಲಿ, ಸರ್ಕಾರ ಈಗಾಗಲೇ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಿ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಬಾಗಿಲಿಗೇ ಒಯ್ಯುತ್ತದೆ. ಅದರ ಹೆಸರೇ ಇಲ್ಲದ ಪ್ರಪೋಸಲ್ ಓದಿದ ರಿವ್ಯೂವರ್ ಕೇಳುವ ಮೊದಲ ಪ್ರಶ್ನೆ: 'ಇದನ್ನು ಸರ್ಕಾರವೇ ಮಾಡುತ್ತಿದೆಯಲ್ಲ?' ಉತ್ತರ ನಿಮ್ಮ ಮೊದಲ ಪುಟದಲ್ಲೇ ಇರಬೇಕು. ಆ ಯೋಜನೆಯ ಸೇವೆ ಎರಡೂ ಗುಂಪಿಗೆ ಹೇಗಿದೆಯೋ ಹಾಗೇ ಸಿಗುತ್ತದೆ, ನೀವು ಪರೀಕ್ಷಿಸುತ್ತಿರುವುದು ತಪಾಸಣೆಯ ನಂತರ ಮಾತ್ರೆ ಬಿಟ್ಟವರನ್ನು ಹಿಂಬಾಲಿಸುವ ಮಾಸಿಕ ಭೇಟಿಯನ್ನು ಎಂದು ಬಿಡಿಸಿ ಬರೆಯಿರಿ.

ಸ್ಯಾಂಪಲ್ ಸೈಜ್: ಇಲ್ಲಿ ಅವಸರ ಬೇಡ

ಹೆಚ್ಚಿನ ಅರ್ಜಿಗಳು ಸೋಲುವುದು ಇಲ್ಲೇ. 'ಸ್ಯಾಂಪಲ್ ಸೈಜ್ 400 ಎಂದು ಲೆಕ್ಕಹಾಕಲಾಗಿದೆ' ಎಂದಷ್ಟೇ ಬರೆದರೆ ಯಾರೂ ನಂಬುವುದಿಲ್ಲ. ಓದುವವರು ಕ್ಯಾಲ್ಕುಲೇಟರ್ ಹಿಡಿದು ಅದೇ ಉತ್ತರಕ್ಕೆ ಬರುವಷ್ಟು ಬಿಡಿಸಿ ಬರೆಯಬೇಕು. ನಮ್ಮ ಉದಾಹರಣೆಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ.

ಈಗ ಹತೋಟಿಯಲ್ಲಿರುವವರು ಶೇ. 40 ಎಂದುಕೊಳ್ಳಿ. ಮನೆಭೇಟಿಯಿಂದ ಅದು ಶೇ. 55ಕ್ಕೆ ಏರಿದರೆ ಇಲಾಖೆ ಈ ಕೆಲಸಕ್ಕೆ ಹಣ ಹಾಕುವುದು ಸಾರ್ಥಕ ಎಂದು ನಿಮ್ಮ ವಾದ. 95% ವಿಶ್ವಾಸಮಟ್ಟಕ್ಕೆ 1.96; ಪರಿಣಾಮ ನಿಜಕ್ಕೂ ಇದ್ದರೆ ಅದು ಅಧ್ಯಯನದಲ್ಲಿ ಕಾಣುವ ಸಂಭವ, ಅಂದರೆ 80% ಪವರ್‌ಗೆ 0.84. ಇವೆರಡರ ಮೊತ್ತ 2.8, ಅದರ ವರ್ಗ 7.84. ಎರಡು ಗುಂಪುಗಳ ವೇರಿಯನ್ಸ್‌ಗಳ (ಚದುರಿಕೆಯ ಅಳತೆ) ಮೊತ್ತ: 0.40 × 0.60 + 0.55 × 0.45 = 0.4875. ಅಂತರ 0.15, ಅದರ ವರ್ಗ 0.0225.

7.84 × 0.4875 ÷ 0.0225 = 169.9. ಅಂದರೆ ಒಂದು ಗುಂಪಿಗೆ 170 ಜನ.

ಇಲ್ಲಿಗೇ ನಿಲ್ಲಿಸಿದವರ ಪ್ರಪೋಸಲ್ ವಾಪಸ್ ಬರುತ್ತದೆ. ಏಕೆಂದರೆ ನೀವು ಚೀಟಿ ಎತ್ತಿ ಎರಡು ಗುಂಪಿಗೆ ಹಂಚುತ್ತಿರುವುದು ವ್ಯಕ್ತಿಗಳನ್ನಲ್ಲ, ಹಳ್ಳಿಗಳ ಆರೋಗ್ಯ ಉಪಕೇಂದ್ರಗಳನ್ನು. ಒಂದೇ ಆಶಾ, ಒಂದೇ ಸಮುದಾಯ ಆರೋಗ್ಯ ಅಧಿಕಾರಿ, ಒಂದೇ ಔಷಧ ಸರಬರಾಜು ಇರುವ ಊರಿನ ಜನ ಒಬ್ಬರಂತೊಬ್ಬರು ಇರುತ್ತಾರೆ. ಒಂದು ಉಪಕೇಂದ್ರದ 20 ಜನ 20 ಜನರಷ್ಟು ಮಾಹಿತಿ ಕೊಡುವುದಿಲ್ಲ. ಈ ಹೋಲಿಕೆಯ ಅಳತೆಯೇ ಐಸಿಸಿ (ಇಂಟ್ರಾ-ಕ್ಲಸ್ಟರ್ ಕೋರಿಲೇಶನ್). ಅದು 0.02 ಎಂದಾದರೆ ಡಿಸೈನ್ ಎಫೆಕ್ಟ್, ಅಂದರೆ ಸ್ಯಾಂಪಲನ್ನು ಎಷ್ಟು ಪಟ್ಟು ಮಾಡಬೇಕೆಂಬ ಸಂಖ್ಯೆ, 1 + (20 − 1) × 0.02 = 1.38. ಆಗ 170 × 1.38 = 235. ಒಂದು ಉಪಕೇಂದ್ರಕ್ಕೆ 20ರಂತೆ 12 ಉಪಕೇಂದ್ರ. ಉಪಕೇಂದ್ರಗಳ ಸಂಖ್ಯೆ ಹೀಗೆ ಕಡಿಮೆಯಿದ್ದಾಗ ಪ್ರತಿ ಗುಂಪಿಗೂ ಒಂದನ್ನು ಹೆಚ್ಚಿಗೆ ಸೇರಿಸುವುದು ರೂಢಿ. ಆದ್ದರಿಂದ 13.

ಐಸಿಸಿ 0.02 ಎಲ್ಲಿಂದ ಬಂತು? ಇಂಥದ್ದೇ ಹಳ್ಳಿಗಳಲ್ಲಿ ನಡೆದ, ಪ್ರಕಟವಾದ ಅಧ್ಯಯನದಿಂದ ಬರಬೇಕು, ಅದನ್ನು ಉಲ್ಲೇಖಿಸಬೇಕು. ಜತೆಗೆ, ಅಂದಾಜು ತಪ್ಪಿದರೆ ಏನಾಗುತ್ತದೆ ಎಂದು ನೀವೇ ತೋರಿಸಿ: ಐಸಿಸಿ 0.01 ಆದರೆ ಗುಂಪಿಗೆ 12 ಉಪಕೇಂದ್ರ, 0.02 ಆದರೆ 13, 0.05 ಆದರೆ 18. ಈ ಮೂರು ಸಂಖ್ಯೆಯ ಒಂದು ಸಾಲು ಎರಡು ಪುಟದ ವಿವರಣೆಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇನ್ನು ಕೈಬಿಟ್ಟು ಹೋಗುವವರು. ಪಠ್ಯಪುಸ್ತಕದ ಅಭ್ಯಾಸದಂತೆ ಶೇ. 10 ಎಂದು ಬರೆದರೆ ಆ ಸೀಮೆ ಗೊತ್ತಿರುವವರು ನಕ್ಕುಬಿಡುತ್ತಾರೆ. ದೀಪಾವಳಿ ಕಳೆದ ಮೇಲೆ ಆ ಭಾಗದಿಂದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಹೈದರಾಬಾದ್ ಕಡೆಗೆ ಗುಳೆ ಹೋಗುತ್ತವೆ. ಶೇ. 20 ಇಟ್ಟುಕೊಳ್ಳಿ. 20 ÷ 0.8 = 25. ಉಪಕೇಂದ್ರಕ್ಕೆ 25 ಜನ, 26 ಉಪಕೇಂದ್ರ, ಒಟ್ಟು 650 ಜನ.

650. ಈ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ. ಸಾರಾಂಶ, ವಿಧಾನ, ಒಪ್ಪಿಗೆ ಪತ್ರ, ವೇಳಾಪಟ್ಟಿ, ಬಜೆಟ್ ಐದೂ ಕಡೆ ಇದೇ ಇರಬೇಕು. ಕೊನೆಯ ಹಂತದಲ್ಲಿ ಸ್ಯಾಂಪಲ್ ಸೈಜ್ ತಿದ್ದಿ, ಸಾರಾಂಶದಲ್ಲಿ ಹಳೆಯ 480 ಹಾಗೇ ಉಳಿದಿರುವುದು ನೀವು ನೆನೆಸುವುದಕ್ಕಿಂತ ಸಾಮಾನ್ಯ.

ಪೈಲಟ್, ಅಂದರೆ ಮುಂಚೆ ಮಾಡಿ ನೋಡುವ ಸಣ್ಣ ಪ್ರಯೋಗದ ಬಗ್ಗೆ ಒಂದು ಮಾತು. ಎರಡು ಉಪಕೇಂದ್ರಗಳಲ್ಲಿ 40 ಜನರನ್ನು ನೋಡಿ, 16 ಜನರ ಬಿಪಿ ಹತೋಟಿಯಲ್ಲಿತ್ತು ಎಂದಾದರೆ ಅದು ಶೇ. 40 ಸರಿ. ಆದರೆ ಅದರ ವಿಶ್ವಾಸಾಂತರ (ನಿಜವಾದ ಪ್ರಮಾಣ ಇರಬಹುದಾದ ವ್ಯಾಪ್ತಿ) ಸುಮಾರು 25ರಿಂದ 55. ನೀವು ಹುಡುಕುತ್ತಿರುವ 15 ಅಂಕದ ಏರಿಕೆ ಆ ಅನಿಶ್ಚಿತತೆಯ ಒಳಗೇ ಮುಚ್ಚಿಹೋಗುತ್ತದೆ. ಆದ್ದರಿಂದ ಪೈಲಟ್ ಮಾಡಿದ್ದು ಪರಿಣಾಮ ತೋರಿಸುವುದಕ್ಕೆ ಎಂದು ಬರೆಯಬೇಡಿ. ಎಷ್ಟು ಮನೆಗಳಲ್ಲಿ ಜನ ಸಿಕ್ಕರು, ಎಷ್ಟು ಜನ ಒಪ್ಪಿದರು, ಒಂದು ಭೇಟಿಗೆ ಎಷ್ಟು ನಿಮಿಷ ಹಿಡಿಯಿತು, ಇವನ್ನು ಬರೆಯಿರಿ. ಕೆಲಸಕ್ಕೆ ಬರುವುದು ಇವೇ.

ವಿಧಾನ: ಬೇರೊಬ್ಬರು ಓದಿ ಮಾಡುವಂತಿರಬೇಕು

ಪ್ರಯೋಗಾಧ್ಯಯನವಾದರೆ ಸ್ಪಿರಿಟ್ ಪರಿಶೀಲನಾ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ. ಅದು ಇರುವುದೇ ಪ್ರೋಟೋಕಾಲ್‌ನಲ್ಲಿ ಏನೇನು ಇರಬೇಕೆಂದು ಹೇಳಲಿಕ್ಕೆ. ಆದರೂ ತಪ್ಪಿಹೋಗುವ ಕೆಲವು ಸಂಗತಿಗಳಿವೆ.

ಬಿಪಿ ಅಳತೆಯನ್ನೇ ತೆಗೆದುಕೊಳ್ಳಿ. 'ಪ್ರಮಾಣಿತ ವಿಧಾನದಲ್ಲಿ ಅಳೆಯಲಾಗುವುದು' ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ಮಾನ್ಯತೆ ಪಡೆದ ಡಿಜಿಟಲ್ ಯಂತ್ರ, ತೋಳಿನ ಸುತ್ತಳತೆಗೆ ತಕ್ಕ ಮೂರು ಅಳತೆಯ ತೋಳುಪಟ್ಟಿ (ಕಫ್), 5 ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದ ಮೇಲೆ ಒಂದೊಂದು ನಿಮಿಷದ ಅಂತರದಲ್ಲಿ ಮೂರು ಸಲ, ಕೊನೆಯ ಎರಡರ ಸರಾಸರಿ. ಹೀಗೆ ಬರೆದರೆ ಓದುವವರ ಮುಂದೆ ಚಿತ್ರ ನಿಲ್ಲುತ್ತದೆ. ಮನೆಯಲ್ಲಿ ಕುರ್ಚಿ ಇಲ್ಲದಿದ್ದರೆ? ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಬೇಕು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೆಳಗೆ ಏನಾದರೂ ಇಡಬೇಕು. ಇದನ್ನೂ ಬರೆಯಿರಿ, ನಾಚಿಕೆ ಬೇಡ. ಫೀಲ್ಡ್ ಗೊತ್ತಿರುವವರು ಬರೆದದ್ದು ಎಂಬುದು ಇಂಥ ಸಾಲುಗಳಿಂದಲೇ ತಿಳಿಯುವುದು.

12ನೇ ತಿಂಗಳ ಬಿಪಿಯನ್ನು ಯಾರು ಅಳೆಯುತ್ತಾರೆ? ಆಶಾ ಅಂತೂ ಅಲ್ಲ. ತನ್ನ ಕೆಲಸದ ಫಲವನ್ನು ತಾನೇ ಅಳೆಯುವವರ ಕೈ 142ನ್ನು 138 ಎಂದು ಬರೆಯುವ ಕಡೆಗೆ ವಾಲುತ್ತದೆ, ಕೆಟ್ಟ ಉದ್ದೇಶವೇ ಬೇಕಿಲ್ಲ. ಯಾವ ಊರು ಯಾವ ಗುಂಪಿಗೆ ಸೇರಿದೆ ಎಂದು ತಿಳಿಯದ ಫೀಲ್ಡ್ ಸಿಬ್ಬಂದಿ ಅಳೆಯಬೇಕು.

ಚೀಟಿ ಎತ್ತುವುದು ಯಾವಾಗ ಎಂಬುದೂ ಅಷ್ಟೇ ಮುಖ್ಯ. ಊರಿನ ಗುಂಪು ಮೊದಲೇ ಗೊತ್ತಾದರೆ, ಮನೆಭೇಟಿ ಇರುವ ಊರುಗಳಲ್ಲಿ ಉತ್ಸಾಹಿಗಳೇ ಸೇರಿಕೊಳ್ಳುತ್ತಾರೆ. ಉಪಕೇಂದ್ರದ 25 ಜನರ ನೋಂದಣಿ ಮತ್ತು ಮೊದಲ ಅಳತೆ ಮುಗಿದ ಮೇಲೆ ಆ ಉಪಕೇಂದ್ರದ ಗುಂಪನ್ನು ಬಹಿರಂಗಪಡಿಸಲಾಗುವುದು ಎಂದು ಬರೆಯಿರಿ. ಯಾವ ಉಪಕೇಂದ್ರ ಯಾವ ಗುಂಪಿಗೆ ಎಂಬ ಪಟ್ಟಿಯನ್ನು ತಯಾರಿಸುವವರು ಫೀಲ್ಡಿಗೆ ಸಂಬಂಧವಿಲ್ಲದ ಸ್ಟ್ಯಾಟಿಸ್ಟಿಷಿಯನ್ ಆಗಿರಲಿ.

ವಿಶ್ಲೇಷಣೆಯ ಭಾಗದಲ್ಲಿ ಒಂದೇ ಎಚ್ಚರಿಕೆ: ಹಂಚಿದ ರೀತಿಯಲ್ಲೇ ವಿಶ್ಲೇಷಿಸಬೇಕು. ಉಪಕೇಂದ್ರಗಳನ್ನು ಹಂಚಿ, ಕೊನೆಗೆ 'ಕೈ-ಸ್ಕ್ವೇರ್ ಪರೀಕ್ಷೆ ಬಳಸಲಾಗುವುದು' ಎಂದು ಬರೆದರೆ, ಆ ಪರೀಕ್ಷೆ ಪ್ರತಿಯೊಬ್ಬರನ್ನೂ ಬಿಡಿಯಾಗಿ ಎಣಿಸುವುದರಿಂದ, ಮೇಲೆ ಮಾಡಿದ ಡಿಸೈನ್ ಎಫೆಕ್ಟ್ ಲೆಕ್ಕವನ್ನು ನೀವೇ ಅಳಿಸಿಹಾಕಿದಂತೆ. ಉಪಕೇಂದ್ರವನ್ನು ರ‍್ಯಾಂಡಮ್ ಎಫೆಕ್ಟ್ ಆಗಿ ಇಟ್ಟ (ಅಂದರೆ ಒಂದೇ ಉಪಕೇಂದ್ರದವರ ಹೋಲಿಕೆಯನ್ನು ಲೆಕ್ಕಕ್ಕೆ ತರುವ) ಲಾಜಿಸ್ಟಿಕ್ ಮಾದರಿ, ಸೇರಿದ ಗುಂಪಿನಲ್ಲೇ ಎಲ್ಲರನ್ನೂ ಎಣಿಸುವ ಕ್ರಮ, ಕೊನೆಯ ಅಳತೆಗೆ ಸಿಗದವರನ್ನು ಹೇಗೆ ನಿಭಾಯಿಸುತ್ತೀರಿ, ಈ ಮೂರು ಸಾಲು ಇದ್ದರೆ ಬಹುಮಟ್ಟಿಗೆ ಸಾಕು. ಸ್ಟ್ಯಾಟಿಸ್ಟಿಷಿಯನ್ನರನ್ನು ಕೋ-ಪಿಐ (ಸಹ-ಪ್ರಧಾನ ಸಂಶೋಧಕ) ಮಾಡಿಕೊಳ್ಳಿ. ಆದರೆ ಕರೆಯುವುದು ಮೊದಲ ವಾರದಲ್ಲಿ, ಕೊನೆಯ ವಾರದಲ್ಲಿ ಸಹಿಗೆ ಅಲ್ಲ.

ವೇಳಾಪಟ್ಟಿಗೆ ಮಳೆ-ಬೆಳೆ ಗೊತ್ತಿರಬೇಕು

24 ತಿಂಗಳ ಪಟ್ಟಿ ಹೀಗಾಗುತ್ತದೆ. ಮೊದಲ 4 ತಿಂಗಳು ಅನುಮತಿ, ನೇಮಕಾತಿ, ತರಬೇತಿ, ನಮೂನೆಗಳ ಪರೀಕ್ಷೆ. 5ರಿಂದ 8 ನೋಂದಣಿ. 11ರಿಂದ 14 ಆರನೇ ತಿಂಗಳ ಭೇಟಿ. 17ರಿಂದ 20 ಕೊನೆಯ ಅಳತೆ. ಉಳಿದ 4 ತಿಂಗಳು ವಿಶ್ಲೇಷಣೆ, ವರದಿ.

ನೋಂದಣಿ ವೇಗ ನಂಬುವಂತಿದೆಯೇ? 4 ತಿಂಗಳಲ್ಲಿ 650 ಎಂದರೆ ತಿಂಗಳಿಗೆ 163. ಇಬ್ಬರು ಸಿಬ್ಬಂದಿ, ತಿಂಗಳಿಗೆ 22 ದಿನ. ಒಬ್ಬರಿಗೆ ದಿನಕ್ಕೆ ಸುಮಾರು 4. ಒಳ್ಳೆಯ ದಿನ 6 ಮನೆ ಆಗಬಹುದು, ಸಂತೆಯ ದಿನ, ಜಾತ್ರೆಯ ದಿನ ಎರಡೂ ಆಗದಿರಬಹುದು. ಹಾಗಾಗಿ 4 ನಡೆಯುವ ಸಂಖ್ಯೆ. ದಿನಕ್ಕೆ 12 ಎಂದು ಬರುತ್ತಿದ್ದರೆ ಒಂದೋ ಸಿಬ್ಬಂದಿ ಹೆಚ್ಚಬೇಕು, ಇಲ್ಲವೇ ತಿಂಗಳು ಹೆಚ್ಚಬೇಕು.

ಋತುವನ್ನೂ ಇದರಲ್ಲಿ ಹೆಣೆಯಿರಿ. ನೋಂದಣಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ನಡೆದರೆ ಕೊನೆಯ ಅಳತೆಯೂ ಮುಂದಿನ ವರ್ಷ ಅದೇ ತಿಂಗಳುಗಳಲ್ಲಿ ಬರುತ್ತದೆ. ಮುಂಗಾರಿಗೆ ಗುಳೆ ಹೋದವರು ಊರಿಗೆ ಮರಳಿರುತ್ತಾರೆ. ಆರನೇ ತಿಂಗಳ ಭೇಟಿ ಮಾತ್ರ ಗುಳೆ ಕಾಲಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ, ಆದರೆ ಪ್ರಧಾನ ಅಳತೆ ಅದಲ್ಲ. ಹಣ ಬಿಡುಗಡೆಯಾಗುವ ತಿಂಗಳು ನಿಮ್ಮ ಕೈಯಲ್ಲಿರುವುದಿಲ್ಲ. ಆದ್ದರಿಂದ 'ಹಣ ಬೇರೆ ಋತುವಿನಲ್ಲಿ ಬಂದರೆ ಪೂರ್ವಸಿದ್ಧತೆಯ ಅವಧಿಯನ್ನು ಹೊಂದಿಸಿಕೊಂಡು ನೋಂದಣಿಯನ್ನು ಮುಂಗಾರಿಗೆ ತರಲಾಗುವುದು' ಎಂಬ ಸಾಲು ಸೇರಿಸಿ.

ಬಜೆಟ್: ಪ್ರತಿ ರೂಪಾಯಿಗೂ ವಿಧಾನದಲ್ಲಿ ಒಂದು ಕೆಲಸ ಇರಬೇಕು

ಬಜೆಟ್ಟನ್ನು ಮೊತ್ತದಿಂದ ಕೆಳಕ್ಕೆ ಇಳಿಸಬೇಡಿ, ಕೆಲಸದಿಂದ ಮೇಲಕ್ಕೆ ಕಟ್ಟಿ. ಸಿಬ್ಬಂದಿ ವೇತನವನ್ನು ಐಸಿಎಂಆರ್‌ನ ಹುದ್ದೆ ಮತ್ತು ದರಪಟ್ಟಿಯಂತೆಯೇ ಹಾಕಬೇಕು. ನೀವೇ ಒಂದು ಹುದ್ದೆ ಸೃಷ್ಟಿಸಿ 'ಸೀನಿಯರ್ ಕೋಆರ್ಡಿನೇಟರ್, 45,000' ಎಂದು ಬರೆದರೆ ಕತ್ತರಿ ಬೀಳುತ್ತದೆ. ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್‌ನ ಮೂರನೇ ದರ್ಜೆಗೆ 28,000, ಎರಡನೇ ದರ್ಜೆಗೆ 20,000, ಅದರ ಮೇಲೆ ಮನೆಬಾಡಿಗೆ ಭತ್ಯೆ ಎಂದು ಹಿಡಿಯೋಣ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಟ್ಟಿ ತೆಗೆದು ಸರಿಪಡಿಸಿಕೊಳ್ಳಿ.

ಮನೆಬಾಡಿಗೆ ಭತ್ಯೆಯಲ್ಲಿ ಒಂದು ಸಣ್ಣ ಉರುಳು ಇದೆ. ಅದು ಸಿಬ್ಬಂದಿ ಕೆಲಸ ಮಾಡುವ ಊರಿನ ದರ್ಜೆಯ ಪ್ರಕಾರ. ಬೆಂಗಳೂರು ಎಕ್ಸ್ ದರ್ಜೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ ದರ್ಜೆ. ರಾಯಚೂರು ಝಡ್. ಪಿಐ ಬೆಂಗಳೂರಿನಲ್ಲಿದ್ದಾರೆಂದು ದೇವದುರ್ಗದ ಸಿಬ್ಬಂದಿಗೆ ಬೆಂಗಳೂರಿನ ಭತ್ಯೆ ಹಾಕುವಂತಿಲ್ಲ.

ಝಡ್ ದರ್ಜೆಗೆ ಶೇ. 10 ಹಿಡಿದರೆ ಮೂರನೇ ದರ್ಜೆಯಲ್ಲಿ ನೇಮಿಸುವ ಕೋಆರ್ಡಿನೇಟರ್‌ಗೆ 30,800 × 24 ತಿಂಗಳು = 7,39,200. ಎರಡನೇ ದರ್ಜೆಯ ಇಬ್ಬರು ಫೀಲ್ಡ್ ಸಿಬ್ಬಂದಿಗೆ ತಲಾ 22,000, 4ನೇ ತಿಂಗಳಿನಿಂದ 20ರವರೆಗೆ 17 ತಿಂಗಳು = 7,48,000. ಸಿಬ್ಬಂದಿ ಒಟ್ಟು 14,87,200.

ಈಗ ವೇಳಾಪಟ್ಟಿಯನ್ನು ಮತ್ತೆ ನೋಡಿ. 9-10 ಮತ್ತು 15-16ನೇ ತಿಂಗಳುಗಳಲ್ಲಿ ಫೀಲ್ಡ್ ಸಿಬ್ಬಂದಿಗೆ ಏನು ಕೆಲಸ? ಸಂಬಳ ಇದೆ, ಭೇಟಿ ಇಲ್ಲ. ಚುರುಕು ರಿವ್ಯೂವರ್ ಇಲ್ಲಿ ಬೆರಳಿಡುತ್ತಾರೆ. ಉತ್ತರ ಮೊದಲೇ ಬರೆದಿಡಿ: ದತ್ತಾಂಶ ಪರಿಶೀಲನೆ, ಶೇ. 5 ಮನೆಗಳ ಮರುಭೇಟಿ, ಗುಳೆ ಹೋದವರನ್ನು ಫೋನಿನಲ್ಲಿ ಹುಡುಕುವುದು, ಯಂತ್ರಗಳ ನಿಖರತೆ ಪರೀಕ್ಷೆ.

ಪ್ರಯಾಣವೂ ಹೀಗೇ. ಭೇಟಿಯ ತಿಂಗಳು 12, ದಿನ 22, ಜನ 2: ಒಟ್ಟು 528 ಫೀಲ್ಡ್ ದಿನ. ದಿನಕ್ಕೆ 60 ಕಿ.ಮೀ. ಬೈಕ್ ಎಂದರೆ 31,680 ಕಿ.ಮೀ. ನಿಮ್ಮ ಸಂಸ್ಥೆ ಒಪ್ಪುವ ದರದಿಂದ ಗುಣಿಸಿ. 'ಸ್ಥಳೀಯ ಪ್ರಯಾಣ, 5 ಲಕ್ಷ' ಎಂಬ ದುಂಡು ಮೊತ್ತಕ್ಕಿಂತ ಈ ಗುಣಾಕಾರವನ್ನು ಕತ್ತರಿಸುವುದು ಕಷ್ಟ.

ಆಶಾಗಳ ಸಂಖ್ಯೆಯನ್ನು ಮರೆಯುವವರೇ ಹೆಚ್ಚು. ಬಯಲುಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ, 1,000ಕ್ಕೆ ಒಬ್ಬ ಆಶಾ ಎಂಬ ಮಾನದಂಡದಂತೆ ಮನೆಭೇಟಿ ಗುಂಪಿನ 13 ಉಪಕೇಂದ್ರಗಳಲ್ಲಿ 65 ಆಶಾಗಳು. ಬಿಪಿ ಯಂತ್ರ ಅವರಿಗೆ 65, ಹಾಳಾದವಕ್ಕೆ ಬದಲಿ 5, ಅಳತೆಯ ಸಿಬ್ಬಂದಿಗೆ ಬೇರೆ 4. ಎರಡು ದಿನದ ತರಬೇತಿ, 22 ಜನರಂತೆ 3 ತಂಡ, 130 ಜನದಿನದ ಊಟ ಮತ್ತು ಬಸ್ ಚಾರ್ಜು. ಪ್ರೋತ್ಸಾಹಧನ 65 × 12 = 780 ಪಾವತಿ. ಆಶಾಗಳ ಮೇಲೆ ಕೆಲಸದ ಹೊರೆ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹೊಸ ಕೆಲಸ ಹೊರಿಸಿ ಪ್ರೋತ್ಸಾಹಧನದ ಸಾಲು ಖಾಲಿ ಬಿಟ್ಟ ಪ್ರಪೋಸಲ್ ಅನ್ಯಾಯವೂ ಹೌದು, ನಡೆಯದ ಮಾತೂ ಹೌದು.

ಲ್ಯಾಪ್‌ಟಾಪ್, ಪ್ರಿಂಟರ್, ಎಸಿ ಕೇಳುವಾಗ ಕರೆಯ ನಿಯಮ ನೋಡಿ. ಸಂಸ್ಥೆಯಲ್ಲಿ ಈಗಾಗಲೇ ಇರಬೇಕಾದ ವಸ್ತುಗಳಿಗೆ ಗ್ರಾಂಟ್ ಹಣ ಸಿಗುವುದು ಅಪರೂಪ. ದುಬಾರಿ ಉಪಕರಣವಿದ್ದರೆ ಕೊಟೇಶನ್ ಲಗತ್ತಿಸಿ, ಜಿಎಸ್‌ಟಿ ಸೇರಿಸಿದ ಬೆಲೆ ಹಾಕಿ. ಓವರ್‌ಹೆಡ್ (ಸಂಸ್ಥೆಗೆ ಹೋಗುವ ಆಡಳಿತ ವೆಚ್ಚ) ಶೇಕಡಾವಾರು ಎಷ್ಟು, ಯಾವುದರ ಮೇಲೆ ಎಂಬುದು ಆಯಾ ಕರೆಯಲ್ಲೇ ಇರುತ್ತದೆ.

ಎಥಿಕ್ಸ್ ಮತ್ತು ಅನುಮತಿಗಳು

ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯೇ ಇಲ್ಲಿ ಅಳತೆಗೋಲು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆರೋಗ್ಯ ಸಂಶೋಧನೆಯನ್ನು ಪರಿಶೀಲಿಸುವ ಎಥಿಕ್ಸ್ ಕಮಿಟಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿರಬೇಕು. ನಿಮ್ಮ ಕಾಲೇಜಿನ ಕಮಿಟಿಯ ನೋಂದಣಿ ಸಂಖ್ಯೆ ಕೇಳಿ ಇಟ್ಟುಕೊಳ್ಳಿ. ಕಮಿಟಿ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಸೇರುತ್ತದೆ, ತಿದ್ದುಪಡಿ ಕೇಳಿದರೆ ಮತ್ತೊಂದು ಸಭೆ ಕಾಯಬೇಕು. ಇದನ್ನು ಎಣಿಸಿಕೊಂಡೇ ಕೆಲಸ ಶುರು ಮಾಡಿ.

ಪ್ರಯೋಗಾಧ್ಯಯನವನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಜಾಲತಾಣವಾದ ಸಿಟಿಆರ್‌ಐನಲ್ಲಿ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ನೋಂದಾಯಿಸಬೇಕು. 2018ರ ಏಪ್ರಿಲ್ 1ರಿಂದ ಹಿಂದಿನ ದಿನಾಂಕದ ನೋಂದಣಿಗೆ ಅವಕಾಶವಿಲ್ಲ. ವಿದೇಶಿ ಸಂಸ್ಥೆಯ ಹಣ ಅಥವಾ ಸಹಭಾಗಿತ್ವ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿ ಬೇರೆ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಸರ್ಕಾರಿ ಉಪಕೇಂದ್ರ, ಆಶಾಗಳನ್ನು ಬಳಸುವುದರಿಂದ ಆರೋಗ್ಯ ಇಲಾಖೆಯ ಲಿಖಿತ ಒಪ್ಪಿಗೆ ಬೇಕು. ಜಿಲ್ಲಾ ಆರೋಗ್ಯಾಧಿಕಾರಿಯ ಪತ್ರದಲ್ಲಿ 'ಸಹಕಾರ ನೀಡಲಾಗುವುದು' ಎಂದಷ್ಟೇ ಇದ್ದರೆ ತೂಕವಿಲ್ಲ. ಎಷ್ಟು ಉಪಕೇಂದ್ರ, ಎಷ್ಟು ಆಶಾ, ಯಾವ ಅವಧಿ ಎಂಬ ಸಂಖ್ಯೆಗಳು ಪತ್ರದಲ್ಲಿರಲಿ. ಅಧಿಕಾರಿಗಳಿಗೆ ಕರಡು ನೀವೇ ಬರೆದುಕೊಟ್ಟರೆ ಕೆಲಸ ಬೇಗ ಆಗುತ್ತದೆ.

ಒಪ್ಪಿಗೆ ಪತ್ರದ ಕನ್ನಡಕ್ಕೆ ಸ್ವಲ್ಪ ಹೊತ್ತು ಕೊಡಿ. ಸಾಮಾನ್ಯವಾಗಿ ಬರುವ ಸಾಲು ಇದು: 'ಸದರಿ ಅಧ್ಯಯನದಲ್ಲಿ ಭಾಗವಹಿಸುವವರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು.' ಬರೆದವರಿಗೂ ಓದಿ ಹೇಳುವವರಿಗೂ ಇದು ಅರ್ಥವಾಗುವುದು ಕಷ್ಟ. ಇದನ್ನೇ ಹೀಗೆ ಬರೆಯಬಹುದು:

'ಚೀಟಿ ಎತ್ತಿ ಊರುಗಳನ್ನು ಎರಡು ಭಾಗ ಮಾಡುತ್ತೇವೆ. ಒಂದು ಭಾಗದ ಊರುಗಳಲ್ಲಿ ಆಶಾ ಅಕ್ಕ ತಿಂಗಳಿಗೊಮ್ಮೆ ಮನೆಗೆ ಬಂದು ಬಿಪಿ ನೋಡುತ್ತಾರೆ. ಇನ್ನೊಂದು ಭಾಗದ ಊರುಗಳಲ್ಲಿ ಈಗ ಸಿಗುತ್ತಿರುವ ಚಿಕಿತ್ಸೆ ಹಾಗೇ ಮುಂದುವರಿಯುತ್ತದೆ. ನಿಮ್ಮೂರು ಯಾವ ಭಾಗಕ್ಕೆ ಬರುತ್ತದೆ ಎಂಬುದು ನಮ್ಮ ಕೈಯಲ್ಲೂ ಇಲ್ಲ. ನೀವು ಬೇಡ ಅಂದರೂ ಆಸ್ಪತ್ರೆಯಲ್ಲಿ ನಿಮಗೆ ಸಿಗುವ ಮಾತ್ರೆ ನಿಲ್ಲುವುದಿಲ್ಲ.'

ಓದಲು ಬಾರದವರಿಗೆ ಸಂಶೋಧನಾ ತಂಡಕ್ಕೆ ಸೇರದ ಸಾಕ್ಷಿಯ ಎದುರು ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಸಾಕ್ಷಿಯ ಸಹಿ ಪಡೆಯಬೇಕು. ಆ ಸೀಮೆಯಲ್ಲಿ ಉರ್ದು, ತೆಲುಗು ಮಾತಾಡುವ ಮನೆಗಳೂ ಇವೆ, ಆ ಭಾಷೆಗಳ ಪ್ರತಿಯೂ ಇರಲಿ. ಬಿಪಿ 180/110 ದಾಟಿದವರು ಸಿಕ್ಕರೆ, ಅವರು ಯಾವ ಗುಂಪಿನವರೇ ಆಗಿರಲಿ, ಅದೇ ದಿನ ಎಲ್ಲಿಗೆ ಕಳಿಸುತ್ತೀರಿ ಎಂಬುದನ್ನು ಎಥಿಕ್ಸ್ ಭಾಗದಲ್ಲಿ ಮರೆಯದೆ ಬರೆಯಿರಿ. ಕಮಿಟಿ ಕೇಳಿಯೇ ಕೇಳುತ್ತದೆ.

ಈಗ ಪೀಠಿಕೆ, ಆಮೇಲೆ ಸಾರಾಂಶ

ಇಷ್ಟೆಲ್ಲ ಆದ ಮೇಲೆ ಪೀಠಿಕೆ ಎರಡು ದಿನದ ಕೆಲಸ. ಜಗತ್ತಿನಿಂದ ಶುರು ಮಾಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಿಮ್ಮ ಜಿಲ್ಲೆಯ ಅಂಕಿಅಂಶ ಇದೆ, ಅಲ್ಲಿಂದ ಶುರು ಮಾಡಿ. ಹಿಂದಿನ ಅಧ್ಯಯನಗಳನ್ನು ಒಂದೊಂದೇ ಪ್ಯಾರಾದಲ್ಲಿ ಪೋಣಿಸುವ ಬದಲು, ಯಾವುದು ಗೊತ್ತಿದೆ, ಯಾವುದರಲ್ಲಿ ಒಮ್ಮತವಿಲ್ಲ, ಯಾವುದನ್ನು ಯಾರೂ ಕೇಳಿಲ್ಲ ಎಂದು ಮೂರು ರಾಶಿ ಮಾಡಿ. ಮೂರನೇ ರಾಶಿ ನಿಮ್ಮ ಮೊದಲ ವಾಕ್ಯಕ್ಕೆ ಬಂದು ಮುಟ್ಟಬೇಕು.

ಸಾರಾಂಶ ಎಲ್ಲಕ್ಕಿಂತ ಕೊನೆಗೆ. ಸಮಿತಿಯ ಹಲವರು ಪೂರ್ತಿ ಓದುವುದು ಇದೊಂದನ್ನೇ. ಅದರಲ್ಲಿ 650 ಇರಲಿ, 40ರಿಂದ 55 ಇರಲಿ, 24 ತಿಂಗಳು ಇರಲಿ, ಫಲಿತಾಂಶ ಬಂದ ಮೇಲೆ ಇಲಾಖೆ ಯಾವ ತೀರ್ಮಾನ ತೆಗೆದುಕೊಳ್ಳಬಹುದು ಎಂಬುದು ಇರಲಿ.

ಕೊನೆಯ ವಾರ ಮತ್ತು ಆಮೇಲೆ

ಕೊನೆಯ ದಿನಾಂಕಕ್ಕೆ ಹತ್ತು ದಿನ ಮುಂಚೆ ಸಹಿಗಳ ಕೆಲಸ ಮುಗಿಸಿ. ಪ್ರಿನ್ಸಿಪಾಲರು ರಜೆಯಲ್ಲಿರುತ್ತಾರೆ, ಹಣಕಾಸು ಅಧಿಕಾರಿ ಆಡಿಟ್‌ನಲ್ಲಿರುತ್ತಾರೆ, ಸೀಲು ಯಾರದೋ ಬೀರುವಿನಲ್ಲಿರುತ್ತದೆ. ಕೊನೆಯ ದಿನದ ಸಂಜೆ ಪೋರ್ಟಲ್ ನಿಧಾನವಾಗುತ್ತದೆ. ವಿಷಯಕ್ಕೆ ಸಂಬಂಧವಿಲ್ಲದ ಒಬ್ಬ ಸಹೋದ್ಯೋಗಿಗೆ ಪೂರ್ತಿ ಪ್ರತಿ ಕೊಟ್ಟು, ಬರೀ ಸಂಖ್ಯೆಗಳಿಗೆ ಗೆರೆ ಎಳೆಯಲು ಹೇಳಿ. ಒಂದೇ ವಸ್ತುವಿಗೆ ಎರಡು ಸಂಖ್ಯೆ ಎಲ್ಲಿ ಸಿಕ್ಕಿತೋ ಅಲ್ಲಿ ತಿದ್ದಿ.

ಸಮಿತಿಯ ಮುಂದೆ ಮಂಡನೆಗೆ ಕರೆದರೆ ಹತ್ತು ನಿಮಿಷದಲ್ಲಿ ಪೀಠಿಕೆಗೆ ಒಂದೇ ಸ್ಲೈಡ್. ಬಜೆಟ್ ಕಡಿಮೆ ಮಾಡಿ ಎಂದಾಗ ತಲೆಯಾಡಿಸಿ ಬರಬೇಡಿ. ಫೀಲ್ಡ್ ಸಿಬ್ಬಂದಿಯಲ್ಲಿ ಒಬ್ಬರನ್ನು ತೆಗೆದರೆ ನೋಂದಣಿಗೆ 4ರ ಬದಲು 8 ತಿಂಗಳು ಬೇಕು, ಅದು ಗುಳೆ ಕಾಲಕ್ಕೆ ಹೋಗುತ್ತದೆ ಎಂದು ಅಲ್ಲೇ ಲೆಕ್ಕ ತೋರಿಸಿ.

ಮಂಜೂರಾದರೆ ಮೊದಲ ದಿನದಿಂದ ಬಜೆಟ್‌ನ ಶೀರ್ಷಿಕೆವಾರು ಖರ್ಚಿನ ಪುಸ್ತಕ ಇಡಿ. ಎರಡನೇ ಕಂತು ಬರುವುದು ಹಣ ಬಳಕೆ ಪ್ರಮಾಣಪತ್ರ ಮತ್ತು ವಾರ್ಷಿಕ ವರದಿ ಹೋದ ಮೇಲೆಯೇ. ಪ್ರಮಾಣಪತ್ರದ ನಮೂನೆ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ, ಅದು ಹಣಕಾಸು ವರ್ಷದ ಲೆಕ್ಕ. ಆದ್ದರಿಂದ ಜನವರಿಯಲ್ಲಿ ಹಣ ಬಂದರೂ ಮಾರ್ಚ್ 31ರ ಲೆಕ್ಕ ಕೊಡಬೇಕಾಗುತ್ತದೆ. ಒಂದು ಶೀರ್ಷಿಕೆಯ ಹಣವನ್ನು ಇನ್ನೊಂದಕ್ಕೆ ಬಳಸುವ ಮೊದಲು ಲಿಖಿತ ಅನುಮತಿ ಪಡೆಯಿರಿ, ಖರ್ಚಾದ ಮೇಲೆ ಕೇಳಿದರೆ ಆಡಿಟ್‌ನಲ್ಲಿ ನಿಲ್ಲುವುದಿಲ್ಲ.

ತಿರಸ್ಕೃತವಾದರೆ ಟಿಪ್ಪಣಿಗಳನ್ನು ಎರಡು ದಿನ ಬಿಟ್ಟು ಮತ್ತೆ ಓದಿ, ಒಂದು ಕೋಷ್ಟಕ ಮಾಡಿ: ಎಡಗಡೆ ಅವರ ಮಾತು ಅಕ್ಷರಶಃ, ನಡುವೆ ನೀವು ಮಾಡಿದ ಬದಲಾವಣೆ, ಬಲಗಡೆ ಪುಟಸಂಖ್ಯೆ. ರಿವ್ಯೂವರ್ ತಪ್ಪು ತಿಳಿದುಕೊಂಡಿದ್ದಾರೆ ಎನಿಸಿದ ಕಡೆಯಲ್ಲೂ ಪಠ್ಯವನ್ನು ತಿದ್ದಿ. ಅವರು ಹಾಗೆ ತಿಳಿದುಕೊಳ್ಳಲು ನಿಮ್ಮ ಯಾವುದೋ ವಾಕ್ಯ ಜಾಗ ಕೊಟ್ಟಿರುತ್ತದೆ. ಮುಂದಿನ ಕರೆಗೆ ಹೋಗುವಾಗ ಸ್ಯಾಂಪಲ್ ಸೈಜ್ ಬದಲಾಗಿದ್ದರೆ ಮೇಜಿನ ಮೇಲಿನ ಚೀಟಿಯನ್ನೂ ಬದಲಿಸಿ.